ಮಂಗನಬಾವಿನ ಹತ್ತು ದಿನ

ಆಪರೇಷನ್ ಥಿಯೇಟರಿನಲ್ಲಿ ದೊಡ್ಡಕ್ಕನ ಮಾತೆಂದರೆ ಮಾತು. ಮೂವತ್ತೊಂದು ವರ್ಷ ಅದೇ ನಾಲ್ಕನೇ ಮಹಡಿಯಲ್ಲಿ ಸವೆದ ಹೆಡ್ ನರ್ಸ್ ಆಕೆ. ಎಂಥ ದೊಡ್ಡ ಸರ್ಜನ್ ಆದರೂ ಆಕೆ ಒಂದು ಸಲ ಕಣ್ಣು ಬಿಟ್ಟರೆ ತೆಪ್ಪಗೆ ಹಿಂದೆ ತಿರುಗಿ ಇನ್ನೊಂದು ಸಲ ಕೈ ತೊಳೆದುಕೊಂಡು ಬರುತ್ತಿದ್ದ. ಮನೆಗೆ ಹೊರಟ ರೋಗಿಗಳಿಗೆ ಆಕೆ ಹೇಳುತ್ತಿದ್ದ ಬುದ್ಧಿಮಾತಂತೂ ಆಸ್ಪತ್ರೆಗೆಲ್ಲ ಪ್ರಸಿದ್ಧ. “ಆರು ವಾರ ಭಾರ ಎತ್ತಬೇಡಿ. ಎತ್ತೇ ಎತ್ತುತ್ತೀರಿ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ. ಎತ್ತಿ ಹೊಲಿಗೆ ಬಿಟ್ಟರೆ ಶುದ್ಧ ಬಟ್ಟೆ ಒತ್ತಿ ಹಿಡಿದು ನೆಟ್ಟಗೆ ಇಲ್ಲಿಗೆ ಬನ್ನಿ. ಬೈತೀನಿ ಅಂತ ಹೆದರಿ ಮನೇಲಿ ಕೂತೀರಿ, ಹುಷಾರು! ಬೈಯೋದಂತೂ ಬೈತೀನಿ.” ರೋಗಿಗಳು ನಗುತ್ತಲೇ ತಲೆಯಾಡಿಸುತ್ತಿದ್ದರು.

ಅಷ್ಟು ಬಾಯಿದ್ದ ಹೆಂಗಸು. ಒಂದೇ ಒಂದು ಮಾತು ಆಡಬೇಕಾದ ಹೊತ್ತಿನಲ್ಲಿ ಆ ಬಾಯಿಗೆ ಏನಾಗಿತ್ತೋ!

ಅದೇ ಥಿಯೇಟರಿನಲ್ಲಿ ಆಕೆಯ ಒಡಹುಟ್ಟಿದ ತಮ್ಮನೂ ಇದ್ದ. ಅರಿವಳಿಕೆ ಕೊಡುವ ಡಾಕ್ಟರ ಪಕ್ಕದಲ್ಲಿ ನಿಂತು ಗ್ಯಾಸಿನ ಮೆಷಿನ್ನು, ಕೊಳವೆ, ಸಿರಿಂಜು ಎಲ್ಲ ಅಣಿ ಮಾಡಿಕೊಡುವ ಟೆಕ್ನೀಷಿಯನ್. ಚಿಕ್ಕಂದಿನಲ್ಲಿ ಉರುಟಾಗಿದ್ದನೆಂದು ಗುಂಡ ಎಂದು ಕರೆದಿದ್ದರು. ಈಗ ನೋಡಿದರೆ ಕಡ್ಡಿ, ಆದರೂ ಹೆಸರು ಮಾತ್ರ ಗುಂಡ. ತಾಯಿ ತೀರಿಕೊಂಡಾಗ ಅವನಿಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅವನ ಮೂಗು ಒರೆಸಿದ್ದು, ಓದಿಸಿದ್ದು, ಕೆಲಸಕ್ಕೆ ಸೇರಿಸಿದ್ದು, ಒಬ್ಬ ಸ್ಕೂಲ್ ಟೀಚರನ್ನು ಹುಡುಕಿ ಮದುವೆ ಮಾಡಿದ್ದು ಎಲ್ಲ ಆಕೆಯೇ. ತಾನು ಮಾತ್ರ ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ “ನನಗೆ ಆಗಲೇ ಒಂದು ಮಗು ಇದೆಯಲ್ಲ, ಮೀಸೆ ಬಂದಿದೆ ಅಷ್ಟೇ” ಅನ್ನುತ್ತಿದ್ದಳು.

ಥಿಯೇಟರಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ನೋವು ಕೊಲ್ಲುವ ಬಲವಾದ ಇಂಜೆಕ್ಷನ್ನುಗಳು ಬೀಗ ಹಾಕಿದ ಕಪಾಟಿನಲ್ಲಿ ಇರುತ್ತಿದ್ದವು. ರೋಗಿಗೆ ಕೊಟ್ಟು ಉಳಿದ ಮದ್ದನ್ನು ಇಬ್ಬರ ಕಣ್ಣೆದುರು ಸಿಂಕಿಗೆ ಚೆಲ್ಲಬೇಕು, ಇಬ್ಬರೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಬೇರೆ ಟೆಕ್ನೀಷಿಯನ್‌ಗಳ ಪಾಳಿಯಲ್ಲಿ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, ಕೊನೆಯ ಹನಿ ಸಿಂಕಿಗೆ ಬಿದ್ದ ಮೇಲೇ ಪೆನ್ನು ತೆಗೆಯುತ್ತಿದ್ದಳು. ತಮ್ಮನ ಪಾಳಿಯಲ್ಲಿ? “ನೀನು ಚೆಲ್ಲಿದೆ ಅಂದರೆ ಚೆಲ್ಲಿದ ಹಾಗೇ ಕಣೋ, ಕೊಡು ಇಲ್ಲಿ” ಎಂದು ಸಂಜೆ ಮನೆಗೆ ಹೊರಡುವಾಗ ದಿನದ ಸಹಿಗಳನ್ನೆಲ್ಲ ಒಟ್ಟಿಗೆ ಹಾಕಿಬಿಡುತ್ತಿದ್ದಳು. ಬೇಲಿ ಕಾಯಬೇಕಾದವಳೇ ಗೇಟು ತೆಗೆದಿಟ್ಟು ಮನೆಗೆ ಹೋದಂತಾಯಿತು. ಆದರೆ ಆಕೆಯ ಮನಸ್ಸಿನಲ್ಲಿ ಅದು ತಪ್ಪು ಅಂತಲೇ ಇರಲಿಲ್ಲ. ತಾನು ಎತ್ತಿ ಆಡಿಸಿದ ಕೂಸನ್ನು ಅನುಮಾನಿಸುವುದುಂಟೇ?

ಮೇಲಾಗಿ ಗುಂಡನಷ್ಟು ದುಡಿಯುವವನು ಆ ಮಹಡಿಯಲ್ಲೇ ಇರಲಿಲ್ಲ. ರಜೆ ಹಾಕುವವನಲ್ಲ. ಯಾರಿಗಾದರೂ ಮಗುವಿಗೆ ಜ್ವರ ಅಂದರೆ “ನೀವು ಹೋಗಿ, ನಾನು ನೋಡ್ಕೋತೀನಿ” ಎಂದು ಅವರ ಪಾಳಿಯನ್ನೂ ತಾನೇ ಮಾಡುವವನು. ಎಲ್ಲರೂ ಹೊಗಳುವಾಗ ದೊಡ್ಡಕ್ಕ ಒಳಗೊಳಗೇ ಉಬ್ಬುತ್ತಿದ್ದಳು. ಅಯ್ಯೋ ಹುಚ್ಚಿ! ಅದು ಕೆಲಸದ ಮೇಲಿನ ಪ್ರೀತಿಯಲ್ಲ, ಕಪಾಟಿನ ಮೇಲಿನ ಪ್ರೀತಿ. ಹೊಸದಾಗಿ ಸೇರುವ ಯಾವ ನರ್ಸ್ ಆದರೂ ಮದ್ದಿನ ಚಟದ ಈ ಲಕ್ಷಣಗಳನ್ನೆಲ್ಲ ಪರೀಕ್ಷೆಯಲ್ಲಿ ಸರಿಯಾಗಿ ಬರೆದು ಪಾಸಾಗಿರುತ್ತಾಳೆ. ದೊಡ್ಡಕ್ಕನೂ ಬರೆದಿದ್ದಳು.

ಗೊತ್ತಾಗಿದ್ದು ಒಬ್ಬ ಗಾರೆ ಕೆಲಸದವನಿಂದ. ತೊಡೆ ಮೂಳೆ ಮುರಿದುಕೊಂಡು ಬಂದಿದ್ದ, ಗಟ್ಟಿ ಆಳು. ಆಪರೇಷನ್ ಮುಗಿದು ಎಚ್ಚರವಾಗುತ್ತಲೇ ಬೆಡ್‌ಶೀಟನ್ನು ಬಾಯಿಗೆ ತುರುಕಿಕೊಂಡು ಕಚ್ಚಲು ಶುರು ಮಾಡಿದ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. “ಅಮ್ಮಾ, ಯಾರೋ ಕಾಲು ಕೊಯ್ತಾ ಇದ್ದಾರೆ” ಅಂದ. ಡಾಕ್ಟರು ಓಡಿ ಬಂದು ಇನ್ನೊಂದು ಸಲ ಮದ್ದು ಕೊಡಿಸಿದರು. ದೊಡ್ಡಕ್ಕ ರಿಜಿಸ್ಟರ್ ತೆಗೆದು ನೋಡಿದಳು: ಪೂರ್ತಿ ಕೊಟ್ಟಿದೆ ಎಂದು ಇತ್ತು, ಗುಂಡನ ದುಂಡು ಅಕ್ಷರದಲ್ಲಿ. ಬರೆದದ್ದು ಮೈಗೆ ಹೋಗಿದ್ದರೆ ಆ ಮನುಷ್ಯ ಹೀಗೆ ಬಟ್ಟೆ ಕಚ್ಚುತ್ತಿರಲಿಲ್ಲ. ಆಕೆ ಹಿಂದಿನ ಪುಟ ತಿರುಗಿಸಿದಳು, ಅದರ ಹಿಂದಿನದು, ಮೂರು ತಿಂಗಳ ಹಿಂದಿನದು. ಗುಂಡನ ಪಾಳಿಯಲ್ಲೇ ಒಡೆದುಹೋದ ಸೀಸೆಗಳು ಹೆಚ್ಚು, ಗುಂಡನ ಪಾಳಿಯಲ್ಲೇ ಚೆಲ್ಲಿದ್ದು ಹೆಚ್ಚು. ಪ್ರತಿ ಸಾಲಿನ ಕೊನೆಗೂ ಸಾಕ್ಷಿಯಾಗಿ ಅವಳದೇ ಸಹಿ. ರಿಜಿಸ್ಟರ್ ಮುಚ್ಚಿಟ್ಟು ತಮ್ಮನನ್ನು ಹುಡುಕಿಕೊಂಡು ಹೊರಟಳು.

ಅವನು ಸಿಕ್ಕಿದ್ದು ಒಗೆದ ಬಟ್ಟೆ ಇಡುವ ಕೋಣೆಯಲ್ಲಿ. ಹಸಿರು ಗೌನುಗಳ ರಾಶಿಗೆ ಒರಗಿ ನೆಲದ ಮೇಲೆ ಕೂತಿದ್ದ, ಎಡಗಾಲಿನ ಸಾಕ್ಸ್ ಕೆಳಗಿಳಿದು ಸೂಜಿ ಚುಚ್ಚಿದ ಗುರುತು ಕಾಣುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

“ಎಷ್ಟು ದಿನದಿಂದ ಕಣೋ?”

“ಅಕ್ಕ, ಬಾಗಿಲು ಹಾಕು.”

“ಎಷ್ಟು ದಿನದಿಂದ?”

“ಕಿಡ್ನಿ ಕಲ್ಲು ಆಗಿತ್ತಲ್ಲ ನನಗೆ, ಹೋದ ವರ್ಷ. ಇಲ್ಲೇ ಒಂದು ಇಂಜೆಕ್ಷನ್ ಕೊಟ್ಟರಲ್ಲ. ನೋವು ಹೋಯ್ತು ಅನ್ನೋದಿರಲಿ ಅಕ್ಕ, ಅಮ್ಮ ಸತ್ತಾಗಿನಿಂದ ತಲೆಯೊಳಗೆ ಒಂದು ಗದ್ದಲ ಇತ್ತು, ಅದು ನಿಂತುಹೋಯ್ತು. ಇನ್ನೊಂದು ಸಲ ಸಾಕು ಅಂದುಕೊಂಡೆ. ಆಮೇಲೆ ಗದ್ದಲ ನಿಲ್ಲಿಸೋಕೆ ಅಲ್ಲ, ಬೆಳಿಗ್ಗೆ ಎದ್ದು ನಿಲ್ಲೋಕೇ ಬೇಕಾಯ್ತು.” ಅವನು ಮಗುವಿನ ಹಾಗೆ ಅಳತೊಡಗಿದ. “ಆ ಗಾರೆಯವನು ಅಳ್ತಿದ್ದಾನಾ?”

“ಅಳ್ತಿದ್ದಾನೆ. ನಿನ್ನ ಪಾಲಿಂದೂ ಸೇರಿಸಿ ಅಳ್ತಿದ್ದಾನೆ” ಅಂದು ದೊಡ್ಡಕ್ಕ ಅವನ ಕೆನ್ನೆಗೆ ಎರಡು ಬಿಟ್ಟಳು. ಹೊಡೆದ ಕೈಯಿಂದಲೇ ಅವನ ಸಾಕ್ಸ್ ಮೇಲೆಳೆದು ಸರಿ ಮಾಡಿದಳು.

ಮಾಡಬೇಕಾದ್ದು ಏನೆಂದು ಆಕೆಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಾನಾಗಿ ಬಂದು ಒಪ್ಪಿಕೊಂಡವರಿಗೆ ಚಿಕಿತ್ಸೆ ಕೊಡಿಸಿ, ಥಿಯೇಟರಿನಿಂದ ಬೇರೆ ವಿಭಾಗಕ್ಕೆ ಹಾಕಿ ಕೆಲಸ ಉಳಿಸುವ ನಿಯಮ ಆಸ್ಪತ್ರೆಯಲ್ಲಿತ್ತು. ಅದರ ನೋಟೀಸನ್ನು ಲಿಫ್ಟಿನ ಪಕ್ಕ ಅಂಟಿಸಿದವಳೇ ಆಕೆ. ಅರಿವಳಿಕೆ ಕೊಡುವ ಡಾಕ್ಟರು ಒಳ್ಳೆಯ ಮನುಷ್ಯ, ಹೇಳಿದ್ದರೆ ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಹೇಳಿದರೆ ನಾಳೆ ಕ್ಯಾಂಟೀನಿನಲ್ಲಿ ಇದೇ ಮಾತು. ದೊಡ್ಡಕ್ಕನ ತಮ್ಮನಂತೆ, ದೊಡ್ಡಕ್ಕನೇ ಸಹಿ ಹಾಕಿದ್ದಂತೆ. ಮೂವತ್ತೊಂದು ವರ್ಷ ತಲೆಯೆತ್ತಿ ನಡೆದ ಕಾರಿಡಾರಿನಲ್ಲಿ ತಲೆ ತಗ್ಗಿಸಿ ನಡೆಯುವುದು ಹೇಗೆ? ಅವನ ಭವಿಷ್ಯಕ್ಕಾಗಿ ಮುಚ್ಚಿಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅರ್ಧ ನಿಜ ಅದು. ಉಳಿದರ್ಧ ತನ್ನ ಮುಖಕ್ಕಾಗಿ.

“ನಾನೇ ಬಿಡಿಸ್ತೀನಿ” ಅಂದಳು. “ಸಾವಿರ ರೋಗಿಗಳನ್ನ ನೋಡಿಕೊಂಡಿದ್ದೀನಿ, ನೀನು ಯಾವ ಲೆಕ್ಕ.”

ತಮ್ಮನ ಹೆಂಡತಿಗೆ, ಊರಿಗೆ, ಆಸ್ಪತ್ರೆಗೆ ಏನು ಹೇಳುವುದು? ಅಲ್ಲಿ ನೋಡಿ ನರ್ಸಿನ ತಲೆ ಓಡಿದ್ದು. ಗುಂಡನಿಗೆ ಮಂಗನಬಾವು ಬಂದಿದೆ ಎಂದಳು! ಕೆನ್ನೆ ಊದುವ ಕಾಯಿಲೆ, ಅಂಟುರೋಗ, ಹತ್ತು ದಿನ ದೂರ ಇರಬೇಕು, ಕಲೆ ಉಳಿಯುವುದಿಲ್ಲ. ಟೀಚರಮ್ಮನಿಗೆ ಫೋನಿನಲ್ಲೇ ತಾಕೀತು ಮಾಡಿದಳು: “ನೀನು ಈ ಕಡೆ ತಲೆ ಹಾಕಬೇಡ ಮಾರಾಯ್ತಿ, ನಿನ್ನಿಂದ ಕ್ಲಾಸಿನ ನಲವತ್ತು ಮಕ್ಕಳಿಗೆ ಅಂಟುತ್ತೆ. ನನ್ನ ಮನೇಲೇ ಇರಲಿ, ನಾನು ನೋಡ್ಕೋತೀನಿ.” ಆಸ್ಪತ್ರೆಯಲ್ಲಿ ಎಲ್ಲರೂ ನಕ್ಕರು. ನಲವತ್ತೊಂದು ವರ್ಷದವನಿಗೆ ಮಂಗನಬಾವು! ದೊಡ್ಡಕ್ಕನೂ ಜೊತೆಗೆ ನಕ್ಕು, ತನಗೂ ಹತ್ತು ದಿನ ರಜೆ ಬರೆದಳು.

ಆ ಹತ್ತು ದಿನದ ಕಥೆ ಯಾರಿಗೂ ಬೇಡ. ಎರಡೇ ಕೋಣೆಯ ಮನೆ. ಒಳಗಿನ ಕೋಣೆಯ ಕಿಟಕಿಗೆ ದಪ್ಪ ಪರದೆ, ಮಂಚದ ಪಕ್ಕ ಬಕೆಟ್ಟು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಕ್ಕ. ಎರಡನೇ ದಿನ ಅವನ ಮೂಗು, ಕಣ್ಣು ಎಲ್ಲ ಸುರಿಯತೊಡಗಿದವು. ಮೂರನೇ ದಿನ ಮೈಯೆಲ್ಲ ಮುಳ್ಳೆದ್ದು, ಹೊದಿಕೆ ಹೊದ್ದು ನಡುಗುತ್ತಾ, ತೆಗೆದು ಬೆವರುತ್ತಾ, ಕಾಲು ಒದೆದು ಒದೆದು ಮಂಚದ ತುದಿಯ ಹಲಗೆ ಬಿರುಕು ಬಿಟ್ಟಿತು. ಬಾಯಿಗೆ ಬಂದದ್ದೆಲ್ಲ ಬೈದ. “ನೀನು ಅಕ್ಕ ಅಲ್ಲ, ರಾಕ್ಷಸಿ” ಅಂದ. “ಒಂದೇ ಒಂದು ಸಲ, ನಿನ್ನ ಕಾಲು ಹಿಡೀತೀನಿ” ಎಂದು ನಿಜವಾಗಿಯೂ ಕಾಲು ಹಿಡಿದ. ದೊಡ್ಡಕ್ಕ ಜಗ್ಗಲಿಲ್ಲ. ಒರೆಸಿದಳು, ಬಟ್ಟೆ ಬದಲಿಸಿದಳು, ಚಮಚದಲ್ಲಿ ಉಪ್ಪು-ಸಕ್ಕರೆ ನೀರು ಕುಡಿಸಿದಳು. ನಡುವೆ ಟೀಚರಮ್ಮನ ಫೋನು ಬಂದರೆ “ಎಡಗಡೆ ಇಳಿದಿದೆ, ಈಗ ಬಲಗಡೆ ಊದಿದೆ” ಎಂದು ಗಂಭೀರವಾಗಿ ವರದಿ ಕೊಡುತ್ತಿದ್ದಳು.

ಆರನೇ ದಿನ ಅವನು ನಿದ್ದೆ ಮಾಡಿದ. ಏಳನೇ ದಿನ ಹಸಿವು ಅಂದ. ಎಂಟನೇ ದಿನ ಅಕ್ಕನ ಅಡುಗೆಗೆ ಹೆಸರಿಟ್ಟ: “ಇದನ್ನ ತಿನ್ನೋದಕ್ಕಿಂತ ಮಂಗನಬಾವೇ ವಾಸಿ.” ಆಕೆಗೆ ಎಷ್ಟು ಖುಷಿಯಾಯಿತೆಂದರೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಗೆದ್ದೆ ಅಂದುಕೊಂಡಳು.

ಒಂಬತ್ತನೇ ದಿನ ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಟೀ ಕುಡಿಯುತ್ತಿದ್ದರು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಸಾಲುಗಟ್ಟಿದ್ದವು. ಗುಂಡ ಲೋಟ ಕೈಯಲ್ಲೇ ತಿರುಗಿಸುತ್ತಾ ಕೇಳಿದ: “ಅಕ್ಕ, ಒಂದು ಮಾತು. ಅಕಸ್ಮಾತ್ ನಾನು ಜಾರಿದರೆ... ಈಗ ಮೈಗೆ ಅದು ಅಭ್ಯಾಸ ತಪ್ಪಿದೆಯಲ್ಲ, ಆಗ...”

“ಥೂ! ಬಿಡ್ತು ಅನ್ನು!” ದೊಡ್ಡಕ್ಕ ಅವನ ಬಾಯಿ ಮೇಲೆ ಕೈಯಿಟ್ಟಳು. “ಜಾರೋ ಮಾತು ಯಾಕೆ ಬರುತ್ತೆ ಈಗ? ಇಷ್ಟು ಒದ್ದಾಡಿದ್ದು ಜಾರೋಕಾ? ಇನ್ನೊಂದು ಸಲ ಆ ಮಾತು ಎತ್ತಿದರೆ ಹಲ್ಲು ಉದುರಿಸ್ತೀನಿ.”

“ಇಲ್ಲ ಅಕ್ಕ, ಸುಮ್ಮನೆ ಕೇಳಿದೆ.”

“ಸುಮ್ಮನೆ ಕೂಡ ಕೇಳಬೇಡ.”

ಅವನು ಲೋಟ ಬಾಯಿಗಿಟ್ಟ. ಟೀ ತಣ್ಣಗಾಗಿತ್ತು, ಹಾಗೇ ಕುಡಿದ.

ಆಕೆಗೆ ಉತ್ತರ ಗೊತ್ತಿತ್ತು. ಅದನ್ನೇ ಹೇಳಬೇಕಿತ್ತು. ಹತ್ತು ದಿನ ಬಿಟ್ಟ ಮೈ ಹೊಸ ಮೈ ಇದ್ದ ಹಾಗೆ. ನಿನ್ನೆ ಮೊನ್ನೆ ತಡೆದುಕೊಂಡ ಅಳತೆಯೇ ಇವತ್ತು ಉಸಿರು ನಿಲ್ಲಿಸುತ್ತದೆ. ಗುಂಡನಿಗೆ ಮೆಷಿನ್ನು, ಕೊಳವೆ ಗೊತ್ತಿತ್ತು, ಇದು ಅರ್ಧಂಬರ್ಧ ಗೊತ್ತಿತ್ತು, ಅದಕ್ಕೇ ಕೇಳಿದ. ಕಂಡವರ ಹೊಲಿಗೆಗೆಲ್ಲ “ಎತ್ತಬೇಡಿ, ಎತ್ತಿದರೆ ಹೀಗೆ ಮಾಡಿ” ಎಂದು ಎರಡೂ ಹೇಳುತ್ತಿದ್ದವಳು, ತನ್ನ ರಕ್ತಕ್ಕೆ ಒಂದೇ ಹೇಳಿ ಬಿಟ್ಟಳು. ಇನ್ನೊಂದು ಹೇಳಿದರೆ ತಾನೇ ಅನುಮತಿ ಕೊಟ್ಟಂತಾಗುತ್ತದೆ ಎಂಬ ಭಯ. ಬಾಯಿಂದ ಆಡಿದರೆ ಅದು ನಡೆದೇಬಿಡುತ್ತದೆ ಎಂಬ ಇನ್ನೊಂದು ಭಯ. ಮೂವತ್ತೊಂದು ವರ್ಷದ ನರ್ಸು, ಅಜ್ಜಿಯಂದಿರ ಹಾಗೆ ಹೆದರಿದಳು. ಮಾತು ಆಡಿದರೆ ಹೋಯಿತು ಅಂತಾರಲ್ಲ, ಆಡದೆಯೂ ಹೋಗುತ್ತದೆ.

ಹನ್ನೊಂದನೇ ದಿನ ಗುಂಡ ಕೆಲಸಕ್ಕೆ ಹೋದ. ಅದೇ ಥಿಯೇಟರು, ಅದೇ ಕಪಾಟು. ಬೇರೆ ವಿಭಾಗ ಕೇಳಿದರೆ ಯಾಕೆ ಅಂತ ಕೇಳುತ್ತಾರಲ್ಲ! ಈಗ ಅವನ ಪಾಳಿಯಲ್ಲಿ ದೊಡ್ಡಕ್ಕ ಸಿಂಕಿನ ಹತ್ತಿರವೇ ನಿಂತು ನೋಡುತ್ತಿದ್ದಳು. ಅವನು ನಗುತ್ತಾ ಹನಿ ಹನಿಯಾಗಿ ಚೆಲ್ಲಿ ತೋರಿಸುತ್ತಿದ್ದ. “ನೋಡ್ಕೋ ದೊಡ್ಡಕ್ಕ, ಇರುವೆಗೂ ಉಳಿಸಿಲ್ಲ.” ಮನೆಯಲ್ಲಿ ಮಗಳಿಗೆ ಕೆನ್ನೆ ಉಬ್ಬಿಸಿ ತೋರಿಸಿ ನಗಿಸುತ್ತಿದ್ದನಂತೆ. ಹನ್ನೊಂದು ದಿನ ಹಾಗೆ ನಡೆಯಿತು.

ಕೆಲಸಕ್ಕೆ ಮರಳಿದ ಹನ್ನೆರಡನೆಯ ದಿನ ಬೆಳಿಗ್ಗೆ ಒಂದು ಮಗು ಆಪರೇಷನ್ ಟೇಬಲ್ಲಿನ ಮೇಲೇ ಹೋಯಿತು. ಆರು ವರ್ಷದ್ದು. ಯಾರ ತಪ್ಪೂ ಅಲ್ಲ, ತಡವಾಗಿ ತಂದಿದ್ದರು. ಆ ಮಗುವಿಗೆ ಉಸಿರಿನ ಕೊಳವೆ ಹಿಡಿದು ಕೂತಿದ್ದವನು ಗುಂಡ. ಹೊರಗೆ ಬಂದವನು ಗ್ಲೌಸು ಬಿಚ್ಚುವುದನ್ನೂ ಮರೆತು ಗೋಡೆಗೆ ಒರಗಿ ನಿಂತ. ಉಳಿದ ಮದ್ದು ಚೆಲ್ಲುವ ಹೊತ್ತಿಗೆ ದೊಡ್ಡಕ್ಕ ಸಿಂಕಿನ ಹತ್ತಿರ ಇರಲಿಲ್ಲ, ಆ ತಾಯಿಯನ್ನು ಹಿಡಿದುಕೊಂಡು ಕೂತಿದ್ದಳು. ತಮ್ಮನ ಮುಖ ನೋಡಿದಳು, ಆಮೇಲೆ ಮಾತಾಡಿಸೋಣ ಅಂದುಕೊಂಡಳು.

ಊಟದ ಹೊತ್ತಿಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ವಾರ್ಡ್ ಅಟೆಂಡರ್ ಹೆಗಲು ಕೊಟ್ಟು ಒಡೆದ. ಗುಂಡ ಬೆಂಚಿನ ಮೇಲೆ ಪಕ್ಕಕ್ಕೆ ವಾಲಿದ್ದ, ತುಟಿ ನೀಲಿಯಾಗಿತ್ತು. ದೊಡ್ಡಕ್ಕನೇ ಎದೆ ಒತ್ತಿದಳು. ಆ ಮದ್ದಿಗೆ ಪ್ರತಿಮದ್ದು ಅದೇ ಕಪಾಟಿನಲ್ಲಿತ್ತು, ಅರಿವಳಿಕೆ ಕೊಡುವ ಡಾಕ್ಟರು ಅದನ್ನೂ ಕೊಟ್ಟರು. “ಗುಂಡಾ, ಉಸಿರು ಎಳೆಯೋ, ಎಳೆಯೋ ನನ್ನಪ್ಪಾ” ಎಂದು ಕೂಗುತ್ತಾ ಮುಕ್ಕಾಲು ಗಂಟೆ ಒತ್ತಿದಳು. ಕೊನೆಗೆ ಡಾಕ್ಟರೇ ಆಕೆಯ ಎರಡೂ ಕೈ ಹಿಡಿದು ನಿಲ್ಲಿಸಿದರು.

ಸಂಜೆ ಅವರು ಆಕೆಯನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು. “ಮನೆಯವರಿಗೆ ಹೃದಯಾಘಾತ ಅಂತ ಹೇಳೋಣ ಸಿಸ್ಟರ್. ಹೆಂಡತಿ, ಮಗು ಇದ್ದಾರೆ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನು ನೋಡಿದ ಹಾಗೆ ನಮ್ಮ ವೃತ್ತಿಯವರಲ್ಲಿ ಇದು ಮೂರನೆಯದು. ಮೂರು ಆಸ್ಪತ್ರೆ, ಮೂರು ‘ಹೃದಯಾಘಾತ’. ನನ್ನ ಜೊತೆ ಓದಿದವನೂ ಒಬ್ಬ. ಮೂವರೂ ಬಿಟ್ಟಿದ್ದವರೇ. ಬಿಟ್ಟು, ಮತ್ತೆ ಒಂದೇ ಒಂದು ಸಲ ಹಳೇ ಅಳತೆ. ನಾವು ಯಾರೂ ಬಾಯಿ ಬಿಡಲ್ಲ, ಅದಕ್ಕೇ ಇನ್ನೊಬ್ಬನಿಗೆ ಗೊತ್ತಾಗಲ್ಲ.” ಆಕೆಯ ಕಡೆ ನೋಡಿ ಕೇಳಿದರು: “ಮಂಗನಬಾವು ಅಂದಿರಲ್ಲ...”

“ಹೌದು ಸರ್” ಅಂದಳು ದೊಡ್ಡಕ್ಕ. “ಅದೇ.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಟೀಚರಮ್ಮ ಒಬ್ಬಳೇ ಬಂದಳು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಳು. ಕೊಟ್ಟ ನೀರು ಕುಡಿಯಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತಳು. ಕಣ್ಣು ಒಣಗಿದ್ದವು.

“ಅಕ್ಕ, ಮಂಗನಬಾವು ಬಂದ ಮಕ್ಕಳನ್ನ ನಾನು ವರ್ಷಾ ವರ್ಷ ನೋಡ್ತೀನಿ. ಕ್ಲಾಸಿಗೆ ನಾಲ್ಕು ಇರುತ್ತೆ. ಮೊನ್ನೆ ನಮ್ಮ ಪಾಪು ಅಂದಳು, ಅಪ್ಪಂಗೆ ಯಾವ ಕೆನ್ನೆ ಊದಿತ್ತು ಅಂತ ಕೇಳಿದರೆ ಒಂದು ದಿನ ಇದು ಅಂತಿದ್ದರಂತೆ, ಒಂದು ದಿನ ಅದು ಅಂತಿದ್ದರಂತೆ. ಆಟಕ್ಕೆ ಅಂದುಕೊಂಡಿದ್ದಳು ಅವಳು.” ಟೀಚರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಅವರ ಕಾಲು ನೋಡಿದೀನಿ ನಾನು. ಸೊಳ್ಳೆ ಕಡಿದದ್ದು ಅಂತ ಹೇಳ್ತಿದ್ದರು. ನಾನೂ ನಂಬಿದೆ, ನಂಬೋಕೆ ಸುಲಭ ಇತ್ತು. ಈಗ ನಿಜ ಹೇಳಿ. ನಾನು ಯಾರಿಗೂ ಹೇಳಲ್ಲ ಅಂತ ಮಾತು ಕೊಡಲ್ಲ. ಆದರೂ ಹೇಳಿ.”

ದೊಡ್ಡಕ್ಕ ಹೇಳಿದಳು. ಎಲ್ಲ ಹೇಳಿದಳು. ನೋಡದೆ ಹಾಕಿದ ಸಹಿ, ಗಾರೆ ಕೆಲಸದವನು, ಬಟ್ಟೆಯ ಕೋಣೆ, ಬಿರುಕು ಬಿಟ್ಟ ಮಂಚ. ಲಿಫ್ಟಿನ ಪಕ್ಕದ ನೋಟೀಸಿನ ವಿಷಯವನ್ನೂ ಬಿಡಲಿಲ್ಲ. ಬಾಲ್ಕನಿಯ ಸಂಜೆಯ ಟೀಗೆ ಬಂದಳು. ಅಲ್ಲೂ ನಿಲ್ಲಿಸಲಿಲ್ಲ. ಅವನು ಕೇಳಿದ್ದು ಹೇಳಿದಳು, ತಾನು ಬಾಯಿ ಮುಚ್ಚಿಸಿದ್ದು ಹೇಳಿದಳು, ಅವನು ಆರಿದ ಟೀ ಕುಡಿದದ್ದು ಹೇಳಿದಳು.

“ಅವನು ಕೇಳಿದ್ದು ಬದುಕೋಕೆ ಕಣಮ್ಮ” ಅಂದಳು. “ನನಗೆ ಅದು ಸಾಯೋ ಮಾತಾಗಿ ಕೇಳಿಸ್ತು.”

ಟೀಚರಮ್ಮ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು.

“ಏನು ಹೇಳಬೇಕಿತ್ತು ಆವತ್ತು? ಅವರು ಕೇಳಿದಾಗ. ಸರಿಯಾದ ಉತ್ತರ ಏನು?”

“ಯಾಕೆ ಈಗ...”

“ಹೇಳಿ ಅಕ್ಕ. ನನಗೆ ಕೇಳಬೇಕು.”

ದೊಡ್ಡಕ್ಕ ಬಾಲ್ಕನಿಯ ಕಡೆ ತಿರುಗಿದಳು. ಎದುರಿಗೆ ಅವನೇ ಕೂತಿದ್ದಾನೆ ಎಂಬಂತೆ, ಇಷ್ಟು ದಿನ ಒಳಗೇ ಕೊಳೆತ ಮಾತನ್ನು ಹೊರಗೆ ತಂದಳು. “ಜಾರಬೇಡ ಕಣೋ. ಜಾರಿದರೆ ಹಳೇ ಅಳತೆ ತಗೋಬೇಡ, ಸತ್ತುಹೋಗ್ತೀಯ. ಬಾಗಿಲು ಹಾಕ್ಕೋಬೇಡ. ಮೊದಲು ನನ್ನ ಕರಿ, ಯಾವ ಹೊತ್ತಾದರೂ ಸರಿ, ಬರ್ತೀನಿ.”

“ಇಷ್ಟೇನಾ?”

“ಇಷ್ಟೇ.”

ಟೀಚರಮ್ಮನ ಒಣಗಿದ ಕಣ್ಣು ಆಗ ತುಂಬಿ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದೊಡ್ಡಕ್ಕ ತಡೆದುಕೊಳ್ಳುತ್ತಿದ್ದಳೇನೋ.

“ಟೀ ಆರೋಕೆ ಮುಂಚೆ ಮುಗಿಯೋ ಮಾತಲ್ವಾ ಅಕ್ಕ ಇದು?” ಅಂದಳು.